ಅಣ್ಣನ ದೋಣಿ, ಅಕ್ಕನ ಷರತ್ತು

ಸಮುದ್ರವಿಲ್ಲದ ಊರಿನಲ್ಲಿದ್ದುಕೊಂಡು ಸಮುದ್ರದ ಮೀನು ಹಿಡಿಯುವ ಹವ್ಯಾಸ ಬೆಳೆಸಿಕೊಂಡವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ನಮಗಿಂತ ಮೊದಲೇ ದಡಕ್ಕೆ ಬಂದು ಕೂತಿರುತ್ತವೆ. ಪುಣೆಯಿಂದ ಘಟ್ಟ ಇಳಿದರೆ ಕೊಂಕಣದ ದಡ ನಾಲ್ಕೈದು ಗಂಟೆಯ ದಾರಿ. ಒಂದೇ ವರ್ಷದಲ್ಲಿ ನಾವು ಹತ್ತೊಂಬತ್ತು ಸಲ ಹೋಗಿಬಂದೆವು. ಅಷ್ಟು ಭಾನುವಾರಗಳು ಈಗ ನನ್ನ ಕೈಯಲ್ಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾವೆಂದರೆ ಮೂವರು. ಒಬ್ಬ ನಾನು, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಇನ್ನೊಬ್ಬ ನನ್ನ ರೂಮಿನಲ್ಲಿದ್ದ ಮೈಸೂರಿನ ಗೆಳೆಯ, ಸಾಫ್ಟ್‌ವೇರಿನವನು. ಮೂರನೆಯವರು ಅಣ್ಣ, ಪುಣೆಯ ಧನಕವಡಿಯಲ್ಲಿ ನಾವು ದಿನಾ ಊಟ ಮಾಡುತ್ತಿದ್ದ ಹೋಟೆಲಿನ ಮಾಲೀಕರು. ಉಡುಪಿ ಕಡೆಯ ಕಡಲ ದಂಡೆಯಲ್ಲಿ ಹುಟ್ಟಿ, ಹದಿನೈದನೆಯ ವಯಸ್ಸಿಗೆ ಲೋಟ ತೊಳೆಯಲು ಪುಣೆಗೆ ಬಂದವರು. ಈಗ ಅವರದೇ ಶುದ್ಧ ಶಾಕಾಹಾರಿ ಹೋಟೆಲು. ಇಡ್ಲಿ ತಿನ್ನಲು ಬಂದವರಿಗೆಲ್ಲ ನಲವತ್ತು ವರ್ಷದಿಂದ “ನಾವು ಕಡಲಿನವರು” ಎಂದು ಹೇಳುತ್ತ ಬಂದಿದ್ದರು. ಆದರೆ ಜೀವನದಲ್ಲಿ ಒಂದು ಮೀನನ್ನೂ ಹಿಡಿದವರಲ್ಲ. ಅದು ಈಚೆಗೆ ಅವರನ್ನು ಕೊರೆಯತೊಡಗಿತ್ತು.

“ಒಂದೇ ಒಂದು ಮೀನು ಮಾರಾಯ,” ಎನ್ನುತ್ತಿದ್ದರು. “ನನ್ನ ಕೈಯಿಂದ. ಮತ್ತೆ ಈ ಮಂಡಿ ಪೂರ್ತಿ ಹೋದರೂ ಬೇಸರ ಇಲ್ಲ.”

ಏಕಾದಶಿಯ ಮರುದಿನ

ಮೊದಲ ಸಲ ಹೊರಡುವ ಮುಂಚೆ ನಾನು ಒಂದು ನೋಟ್‌ಬುಕ್ಕಿಗೆ ಗೀಟು ಹಾಕಿ ಉಬ್ಬರ, ಇಳಿತ, ಗಾಳಿ, ಎರೆ, ಸಮಯ, ಮೀನು, ಹಿಡಿದವರು ಎಂದು ಕಾಲಮ್ಮುಗಳನ್ನು ಮಾಡಿದೆ. ಲೆಕ್ಕಾಚಾರ ನನ್ನದು, ಎರೆ ತರುವುದು ಅಣ್ಣನದು ಎಂದು ಮಾತಾಯಿತು.

ಬಂಡೆಯ ಮೇಲೆ ನಿಂತು ಕೇಳಿದೆ: “ಎರೆ ಎಲ್ಲಿ ಅದ ಅಣ್ಣಾ?”

ಅಣ್ಣ ಸ್ಟೀಲಿನ ಡಬ್ಬಿ ತೆರೆದರು. ಒಳಗೆ ಸಾಬೂದಾನಿ ವಡೆ.

“ಇದೇನ್ರಿ ಇದು?”

“ಹೋಟೆಲಿನ ಟೆಂಪೋ ಮೇಲೆ ಶುದ್ಧ ಶಾಕಾಹಾರಿ ಅಂತ ಬೋರ್ಡು ಉಂಟು. ಅದರಲ್ಲಿ ಸಿಗಡಿ ತರ್ಲಿಕ್ಕೆ ಆಗ್ತದಾ? ನಿನ್ನೆ ಏಕಾದಶಿ, ಉಪವಾಸದವರಿಗೆ ಮಾಡಿ ಉಳಿದದ್ದು ಇದು. ಅಂಟು ಒಳ್ಳೆದುಂಟು, ಗಾಳದಲ್ಲಿ ಗಟ್ಟಿ ನಿಲ್ತದೆ.”

“ಲಾಜಿಕ್ ಕರೆಕ್ಟಾಗೇ ಇದೆ ಗುರು,” ಎಂದ ಗೆಳೆಯ.

ವಡೆ ನಿಜಕ್ಕೂ ಗಟ್ಟಿ ನಿಂತಿತು. ಎರಡು ಗಂಟೆಯಾದರೂ ಬೀಳಲಿಲ್ಲ, ಅದನ್ನು ಯಾರೂ ಮುಟ್ಟಲೂ ಇಲ್ಲ. ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನು ಮಾರುವ ಹೆಂಗಸೊಬ್ಬಳು ನಿಂತು, ನಮ್ಮ ಗಾಳವನ್ನು ಎತ್ತಿ ನೋಡಿ, ಮರಾಠಿಯಲ್ಲಿ ಬಹಳ ಸಮಾಧಾನದಿಂದ ಹೇಳಿದಳು:

“ಅಣ್ಣಾ, ಏಕಾದಶಿ ನಿನ್ನೆ ಮುಗೀತು. ನಮ್ಮ ಮೀನು ಇವತ್ತು ಬೆಳಿಗ್ಗೇನೇ ಉಪವಾಸ ಬಿಟ್ಟಾವ.”

ಒಂದು ಬದಿ

ಅಲ್ಲಿಂದ ಮುಂದೆ ಅವಳ ಬುಟ್ಟಿಯಿಂದಲೇ ಸಿಗಡಿ ಕೊಂಡೆವು. ಆದರೂ ಮೀನಿಲ್ಲ. ನಾನು ಒಂದೊಂದು ವಾರ ಒಂದೊಂದೇ ಸಂಗತಿ ಬದಲಿಸಿ ನೋಡಿದೆ. ಜಾಗ ಬದಲಿಸಿದೆ, ಹೊತ್ತು ಬದಲಿಸಿದೆ, ದಾರದ ದಪ್ಪ ಬದಲಿಸಿದೆ. ಐದು ವಾರದ ಮೇಲೆ ಕಾರಣ ಸಿಕ್ಕಿತು. ಕಾರಣ ಅಣ್ಣ.

ಅವರು ಗಾಳ ಹಾಕಿ ಒಂದು ನಿಮಿಷಕ್ಕೆ ಎತ್ತಿ ನೋಡುತ್ತಿದ್ದರು. ಮತ್ತೆ ಹಾಕಿ, ಮತ್ತೆ ಎತ್ತುತ್ತಿದ್ದರು. ನಲವತ್ತು ವರ್ಷ ಕಾವಲಿಯ ಮುಂದೆ ನಿಂತ ಕೈ ಅದು, ಬಿಟ್ಟರೆ ಸೀದುಹೋಗುತ್ತದೆ ಎಂಬ ಭಯ.

“ಅಣ್ಣಾ, ಹತ್ತು ನಿಮಿಷ ಸುಮ್ನ ಬಿಡ್ರಿ,” ಎಂದೆ.

“ಬಿಟ್ಟಿದ್ದೇನಲ್ಲ,” ಎಂದು ಎತ್ತಿದರು.

ಪಕ್ಕದ ಬಂಡೆಯಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬ ಮುದುಕನಿಗೆ ಗೆಳೆಯ ಇದನ್ನೆಲ್ಲ ತನ್ನ ಅರ್ಧ ಹಿಂದಿಯಲ್ಲಿ ವಿವರಿಸಿದ: ಇವರು ದೋಸೆ ಹೋಟೆಲಿನವರು, ಅದಕ್ಕೇ ಹೀಗೆ. ಮುದುಕ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಅಣ್ಣನ ಕೈ ಮತ್ತೆ ಮೇಲೇಳುತ್ತಿದ್ದಂತೆ ಆ ಬಂಡೆಯಿಂದ ಕೂಗು ಬಂತು: “ಅಣ್ಣಾ, ಒಂದು ಬದಿಯಾದ್ರೂ ಬೇಯಲಿ!”

ನೀರು ತುಂಬಿ ನೋಡಿದ್ದು

ದಡದ ಹತ್ತಿರ ಮೀನೇ ಬರುವುದಿಲ್ಲ, ನಾವೇ ಅದರ ಬಳಿ ಹೋಗಬೇಕು ಎಂದು ಅಣ್ಣ ತೀರ್ಮಾನಿಸಿದರು. ಹಾಗೆ ಒಂದು ಸಣ್ಣ ದೋಣಿ ನೋಡಲು ಹೋದೆವು. ಫೈಬರಿನದು, ಹುಟ್ಟು ಹಾಕುವಂಥದ್ದು, ಹಳೆಯದು. ಮೂರು ಜನ ಕೂರಬಹುದು.

ಮಾರುವವನು ಬಾಯಿ ಬಿಡುವ ಮೊದಲೇ ಅಣ್ಣ ದೋಣಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿದರು. ಒಳಗೆ ತಲೆ ಹಾಕಿ ಮೂಸಿದರು. ಆಮೇಲೆ, “ನೀರು ತರಿಸಿ,” ಎಂದರು.

“ನೀರು ಯಾಕೆ? ಸಮುದ್ರಕ್ಕೇ ಇಳಿಸೋಣ,” ಎಂದನು ಮಾರುವವನು.

“ಸಮುದ್ರಕ್ಕೆ ಇಳಿಸಿ ಮತ್ತೆ ತೂತು ಗೊತ್ತಾದರೆ? ಯಾವ ಪಾತ್ರೆ ಆದರೂ ಒಳಗೆ ನೀರು ತುಂಬಿ, ಹೊರಗೆ ಒರೆಸಿ, ನೋಡಬೇಕು. ಸಾಂಬಾರಿನ ಹಂಡೆ ತಗೊಳ್ಳುವಾಗ ಹಾಗೇ ನೋಡುದು.” ನನ್ನ ಕಡೆ ತಿರುಗಿದರು. “ಏನು, ಸರಿ ಉಂಟಲ್ಲ? ನೀನು ಸೈನ್ಸ್ ಓದಿದವ.”

ಯೋಚಿಸಿದೆ. ನೀರು ಹೊರಗೆ ಬರದಿದ್ದರೆ ಒಳಗೂ ಬರುವುದಿಲ್ಲ. “ತತ್ವ ಸರಿ ಅದ,” ಎಂದೆ. ಇವತ್ತಿಗೂ ಆ ಮಾತಿನಲ್ಲಿ ತಪ್ಪಿಲ್ಲ.

ಪೈಪು ಹಾಕಿ ಅಂಚಿನವರೆಗೆ ತುಂಬಿದೆವು. ಅಣ್ಣ ಟವೆಲಿನಿಂದ ಹೊರಮೈ ಒರೆಸಿ, ಸುತ್ತ ಮೊಣಕಾಲೂರಿ ನೋಡಿದರು. ಒಂದು ಹನಿಯೂ ಇಲ್ಲ. ದೋಣಿ ಪಾಸಾಯಿತು. ಆದರೆ ಈಗ ಅದರ ತೂಕ ಒಂದು ಟನ್ನಿನ ಹತ್ತಿರ. ಬಗ್ಗಿಸಲಾಗದು, ತಳ್ಳಲಾಗದು. ಟೆಂಪೋದಲ್ಲಿದ್ದ ಸಾಂಬಾರಿನ ಬಕೆಟ್ಟಿನಿಂದ ಮೂವರೂ ಒಂದು ಗಂಟೆ ಮೊಗೆದು ಚೆಲ್ಲಿದೆವು.

ಮಾರುವವನು ತೆಂಗಿನ ಮರಕ್ಕೆ ಒರಗಿ ಬೀಡಿ ಹಚ್ಚಿದ. “ಮೂವತ್ತು ವರ್ಷದಿಂದ ದೋಣಿ ಮುಳುಗಿದ್ದು ನೋಡೇನಿ,” ಎಂದ. “ನೆಲದ ಮೇಲೆ ಮುಳುಗಿದ್ದು ಇದೇ ಮೊದಲು.”

ಚಕ್ರ ಎಷ್ಟು?

ದೋಣಿ ಅಲ್ಲೇ ಬಿಟ್ಟುಬರಬಹುದಿತ್ತು. ಆದರೆ ಹೊಸ ಗಾಡಿ ಕೊಂಡರೆ ಮನೆಗೆ ತಂದು ಪೂಜೆ ಮಾಡದೆ ಓಡಿಸುವುದು ಅಣ್ಣನಿಗೆ ಗೊತ್ತಿಲ್ಲ. ಟೆಂಪೋ ಮೇಲೆ ಕಟ್ಟಿ ಘಟ್ಟ ಹತ್ತಿಸಿದೆವು. ಭೋರ್‌ನಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಹಾಲಿನವನು ಬಂದು ದೋಣಿಯ ಉದ್ದ ಮೊಳ ಹಾಕಿ ನೋಡಿ, ಇದರಲ್ಲಿ ಎಷ್ಟು ಎಮ್ಮೆ ಒಟ್ಟಿಗೆ ನೀರು ಕುಡಿಯಬಹುದು ಎಂದು ವಿಚಾರಿಸಿದ.

ಅಣ್ಣನ ಮನೆಯಿದ್ದ ಸೊಸೈಟಿಯ ಪಾರ್ಕಿಂಗಿನಲ್ಲಿ ಇಳಿಸಿದೆವು. ಅಣ್ಣನ ಹೆಂಡತಿ, ನಮಗೆಲ್ಲ ಅಕ್ಕ, ಆರತಿ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು. ದೋಣಿಗೆ ಒಂದು ಸುತ್ತು ಬಂದು, “ನಿಂಬೆಹಣ್ಣು ಎಲ್ಲಿ ಇಡುದು?” ಎಂದರು.

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಚಪ್ಪಲಿ ಎಳೆಯುತ್ತ ಇಳಿದು ಬಂದರು. ನಿವೃತ್ತರು, ನಿಯಮದ ಪುಸ್ತಕ ಬಾಯಿಪಾಠ.

“ಇದಕ್ಕೆ ಚಕ್ರ ಎಷ್ಟು?”

“ಚಕ್ರ ಇಲ್ಲ.”

“ನಮ್ಮ ನಿಯಮದಲ್ಲಿ ದ್ವಿಚಕ್ರ, ಚತುಶ್ಚಕ್ರ ಎರಡೇ ಇರೋದು. ಚಕ್ರವೇ ಇಲ್ಲದ್ದು ವಾಹನ ಅಲ್ಲ, ಸಾಮಾನು. ಸಾಮಾನು ಟೆರೇಸಿಗೆ.”

ಐದು ಮಹಡಿ ಹೊತ್ತು ಹತ್ತಿಸಿದೆವು. ಮೇಲೆ ಹೋಗಿ ಉಸಿರು ಬಿಡುತ್ತಿದ್ದಾಗ ಅಕ್ಕ ನಿಧಾನವಾಗಿ ತಮ್ಮ ಷರತ್ತು ಹೇಳಿದರು.

“ಮಳೆಗಾಲ ಬರುವ ಒಳಗೆ ಒಂದು ಮೀನು. ನಿಮ್ಮ ಕೈಯಿಂದ. ಆಗದಿದ್ದರೆ ಇದಕ್ಕೆ ಮಣ್ಣು ತುಂಬಿಸಿ ಬಸಳೆ ಹಾಕ್ತೇನೆ.” ಆಮೇಲೆ ನನಗೆ: “ನಿಮ್ಮ ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ನಾನು ನಂಬುದು. ಇವರ ಬಾಯಿ ಮಾತು ಬೇಡ.”

ಅಣ್ಣ ಮುಖ ಚಿಕ್ಕದು ಮಾಡಿಕೊಂಡು ಜೂನ್ ಎಷ್ಟು ದೂರ ಎಂದು ಬೆರಳು ಮಡಚಿದರು. ಮರುದಿನ ಟೆರೇಸಿನ ಬಾಗಿಲಿಗೆ ಸೆಕ್ರೆಟರಿಯ ಅಂದವಾದ ಕೈಬರಹದಲ್ಲಿ ಒಂದು ಸೂಚನೆ ಅಂಟಿತ್ತು: “ಟೆರೇಸಿನಲ್ಲಿ ಬಟ್ಟೆ, ಹಪ್ಪಳ ಮತ್ತು ದೋಣಿ ಒಣಗಿಸುವವರು ಸಂಜೆಯೊಳಗೆ ತೆಗೆಯತಕ್ಕದ್ದು.”

ಶಿರೂರಿನ ಸಮುದ್ರ

ಸಮುದ್ರಕ್ಕಿಳಿಯುವ ಮೊದಲು ಹುಟ್ಟು ಹಾಕಿ ಅಭ್ಯಾಸ ಮಾಡಬೇಕು ಎಂದು ನಾನು ಹೇಳಿದೆ. ಅಣ್ಣನ ಹೋಟೆಲಿಗೆ ಈರುಳ್ಳಿ ಹಾಕುವ ರೈತನ ಹೊಲ ಪುಣೆ ಜಿಲ್ಲೆಯ ಶಿರೂರಿನ ಹತ್ತಿರ. ಅಲ್ಲಿ ದೊಡ್ಡ ಕೃಷಿಹೊಂಡ, ನೀರು ಇಂಗದಂತೆ ತಳಕ್ಕೂ ಬದಿಗೂ ದಪ್ಪ ಪ್ಲಾಸ್ಟಿಕ್ ಹಾಸಿದ್ದು.

ದೋಣಿ ಇಳಿಸುವುದು ತುಂಬ ಸುಲಭವಾಯಿತು. ಏರಿಯ ಮೇಲಿಂದ ತಳ್ಳಿದೆವು, ಜರ್ರನೆ ಜಾರಿ ನೀರಿಗೆ ಹೋಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಾನೂ ಗೆಳೆಯನೂ ಹಾಗೇ ಕೂತು ಜಾರಿ ದೋಣಿ ಹತ್ತಿದೆವು. ಅಣ್ಣ ಏರಿಯ ಮೇಲೆ ನಿಂತು, “ಎಡಕ್ಕೆ! ಬಲಕ್ಕೆ!” ಎಂದು ಕಡಲಿನವರ ಹಾಗೆ ಆಜ್ಞೆ ಕೊಟ್ಟರು.

ಅರ್ಧ ಗಂಟೆ ಚೆನ್ನಾಗಿ ಸುತ್ತಿದೆವು. ಸಮಸ್ಯೆ ಹೊರಗೆ ಬರುವುದು. ಪ್ಲಾಸ್ಟಿಕ್ ಮೇಲೆ ಪಾಚಿ. ಗೆಳೆಯ ಎರಡು ಹೆಜ್ಜೆ ಹತ್ತಿದ, ಮೂರು ಹೆಜ್ಜೆ ಜಾರಿದ. ನಾನು ಇಳಿಜಾರಿನ ಕೋನ ಅಂದಾಜು ಮಾಡಿ, ಬೂಟು ಬಿಚ್ಚಿ, ಬೇರೆ ಮೂಲೆಯಿಂದ ಹತ್ತಿದೆ. ಹೊಟ್ಟೆಯ ಮೇಲೆ ವಾಪಸ್ ಬಂದೆ.

“ಗುರು, ಎಕ್ಸಿಟ್ ಪ್ಲಾನ್ ಇಲ್ದೆ ಎಂಟ್ರಿ ಕೊಟ್ಬಿಟ್ವಲ್ಲ! ಅಣ್ಣಾ! ಯಾರನ್ನಾದ್ರೂ ಕರೀರಿ! ಅಣ್ಣಾ!” ಎಂದು ಗೆಳೆಯ ಊರಿಗೆ ಕೇಳುವಂತೆ ಕೂಗಿದ.

ರೈತ ಹಗ್ಗ ತಂದು ಎಸೆದು, ಒಬ್ಬೊಬ್ಬರನ್ನೇ ಎಳೆದುಹಾಕಿದ. ಮೈಯೆಲ್ಲ ಪಾಚಿಯಾಗಿ ನಿಂತ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಅಣ್ಣನಿಗೆ ಹೇಳಿದ:

“ಹೋದ ವಾರ ನಮ್ಮ ಆಡು ಬಿದ್ದಿತ್ತು. ಇದೇ ಹಗ್ಗ ಹಾಕಿದ್ದೆ. ಅದು ಇಷ್ಟು ಕೂಗಲಿಲ್ಲ.”

ಕೊನೆಯ ಭಾನುವಾರ

ಮೇ ತಿಂಗಳ ಕೊನೆಯ ಭಾನುವಾರ ಹತ್ತೊಂಬತ್ತನೆಯ ಸಲ ಹೊರಟೆವು. ಹದಿನೆಂಟು ಸಾಲುಗಳಲ್ಲಿ ‘ಮೀನು’ ಎಂಬ ಕಾಲಮ್ಮಿನಲ್ಲಿ ಹದಿನೆಂಟು ‘ಇಲ್ಲ’ ಇದ್ದವು. ಜೂನ್ ಬಂದರೆ ದೋಣಿ ಇಳಿಸುವಂತಿಲ್ಲ. ಅಕ್ಕ ಮೊದಲ ಸಲ ಜೊತೆಗೆ ಬಂದಿದ್ದರು.

ಅಣ್ಣನಿಗೂ ಇದು ದೋಣಿಯಲ್ಲಿ ಮೊದಲ ಸಲ. ಹಿಂದಿನ ವಾರಗಳಲ್ಲಿ ಗಾಳಿ ಜೋರು, ಅಲೆ ದೊಡ್ಡದು, ಮಂಡಿನೋವು ಎಂದು ಏನೇನೋ ಹೇಳಿ ನಮ್ಮನ್ನೇ ಕಳಿಸಿ, ದಡದಿಂದಲೇ ಗಾಳ ಹಾಕುತ್ತಿದ್ದರು. ಕಾರಣ ಆ ದಿನ ತಿಳಿಯಿತು.

ಗೆಳೆಯ ದಡದಲ್ಲಿ ಉಳಿದ. ನಾವು ಮೂವರು ಲೈಫ್ ಜಾಕೆಟ್ ಕಟ್ಟಿಕೊಂಡು ಕೊಲ್ಲಿಯೊಳಗೆ ಸ್ವಲ್ಪ ದೂರ ಹೋದೆವು. ನೀರು ತಟ್ಟೆಯ ಹಾಗೆ ಶಾಂತವಾಗಿತ್ತು. ಐದು ನಿಮಿಷಕ್ಕೆ ಅಣ್ಣನ ಹಣೆ ಬೆವರಿತು. ಏಳನೆಯ ನಿಮಿಷಕ್ಕೆ ಎರಡೂ ಕೈಯಲ್ಲಿ ಅಂಚು ಹಿಡಿದರು. ಎಂಟಕ್ಕೆ ಬೆಳಗಿನ ಉಪ್ಪಿಟ್ಟು ಸಮುದ್ರಕ್ಕೆ ಹೋಯಿತು.

“ಅಣ್ಣಾ, ವಾಪಸ್ ಹೋಗೋಣೇನ್ರಿ?”

“ಬೇಡ!” ಎಂದರು ಕಣ್ಣು ಮುಚ್ಚಿಕೊಂಡೇ. “ಇವತ್ತೇ ಕೊನೆ ಅಲ್ವಾ. ಹಾಕು, ಗಾಳ ಹಾಕು. ನಾನು ಹಿಡ್ಕೊಳ್ತೇನೆ.” ಹಿಡಿದುಕೊಳ್ಳಲು ಕೈ ಬಿಡಬೇಕಲ್ಲ. ಕೈ ಅಂಚು ಬಿಡಲಿಲ್ಲ. ಕೊನೆಗೆ ದೋಣಿಯ ತಳದಲ್ಲಿ ಅಂಗಾತ ಮಲಗಿಬಿಟ್ಟರು.

ಅಕ್ಕ ಸೆರಗು ಸಿಕ್ಕಿಸಿ, ನನ್ನ ಕೈಯಿಂದ ದಾರ ತೆಗೆದುಕೊಂಡರು. ಸಿಗಡಿಯನ್ನು ಬಾಲದ ಕಡೆಯಿಂದ ಗಾಳಕ್ಕೆ ಪೋಣಿಸಿ, ನೀರಿಗೆ ಬಿಟ್ಟು, ದಾರವನ್ನು ಒಂದು ಬೆರಳಿನ ಮೇಲೆ ಹಗುರಾಗಿ ಇಟ್ಟುಕೊಂಡು ಕೂತರು. ಅಲ್ಲಾಡಲಿಲ್ಲ.

“ಎಲ್ಲಿ ಕಲಿತ್ರಿ ಅಕ್ಕಾ?”

“ಕಲೀಲಿಕ್ಕೆ ಎಂತ ಉಂಟು? ನಮ್ಮ ಅಪ್ಪನ ಮನೆ ಹಿಂದೆಯೇ ಹೊಳೆ ಕಡಲು ಸೇರುವ ಅಳಿವೆ. ಶಾಲೆ ಬಿಟ್ಟು ಬಂದರೆ ಇದೇ ಕೆಲಸ.”

“ಮದುವೆಯಾದ ಇಷ್ಟು ವರ್ಷದಲ್ಲಿ ನನಗೆ ಹೇಳಲಿಲ್ಲ ನೀನು,” ಎಂದು ಕೆಳಗಿನಿಂದ ಅಣ್ಣನ ಸ್ವರ ಬಂತು.

“ಕಡಲಿನವರು ನೀವಲ್ವಾ. ನಾನೆಂತ ಹೇಳುದು?”

ಹತ್ತು ನಿಮಿಷವಾಗಿರಬೇಕು. ಬೆರಳು ಒಮ್ಮೆ ಬಗ್ಗಿತು. ಅಕ್ಕ ಕೈ ಮೇಲೆ ಕೈ ಹಾಕಿ ಎಳೆದರು. ಒಂದು ಗೇಣಿಗಿಂತ ತುಸು ಉದ್ದದ ಕಾಣೆ ಮೀನು ಬೆಳ್ಳಗೆ ಹೊಳೆಯುತ್ತ ಬಂದು ಅಣ್ಣನ ಎದೆಯ ಮೇಲೆ ಬಿದ್ದು ಒದ್ದಾಡಿತು. ಅಣ್ಣ ಕಣ್ಣು ತೆರೆದರು. ಆ ಮುಖವನ್ನು ನಾನು ಮರೆತಿಲ್ಲ. ವಾಂತಿ, ಬೆವರು, ಮೀನಿನ ಹುರುಪೆ, ಎಲ್ಲದರ ನಡುವೆ ಹದಿನೈದು ವರ್ಷದವನ ನಗು.

“ಬರೀರಿ,” ಎಂದರು ಅಕ್ಕ.

ಉಬ್ಬರ, ಗಾಳಿ, ಎರೆ, ಸಮಯ ಬರೆದೆ. ‘ಮೀನು’ ಎಂಬಲ್ಲಿ ಮೊದಲ ಸಲ ‘ಕಾಣೆ, ಒಂದು’ ಎಂದು ಬರೆದೆ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

“ಹಿಡಿದವರು ಅಂತ ಅದ. ಯಾರ ಹೆಸರು ಬರೀಲಿ?”

ಅಣ್ಣ ಎದೆಯ ಮೇಲಿನ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಅಕ್ಕನ ಕಡೆ ಚಾಚಿದರು. “ಸುಳ್ಳು ಬರೀಬೇಡ ಮಾರಾಯ. ಅವಳದ್ದೇ ಬರಿ. ದೋಣಿ ಹೋದರೆ ಹೋಗಲಿ.”

ಅಕ್ಕ ಆಗಲೇ ಎರಡನೆಯ ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದರು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

“ನನ್ನ ಹೆಸರು ಬರೆದರೆ ದೋಣಿ ನನ್ನದಾಗ್ತದೆ, ಇನ್ನು ಈ ವಾಂತಿ ತೊಳೆಯುದೂ ನನ್ನ ಪಾಲಿಗೇ ಬರ್ತದೆ. ಅವರದ್ದೇ ಹಾಕಿ.”