ಮೂರು ರಾಜರನ್ನು ಕೆಳಗಿಟ್ಟ ಪಂಡಿತ

ಐವತ್ತು ದಾಟಿದ ಮೇಲೆ ಬುದ್ಧಿವಂತನಾಗುವ ಹುಚ್ಚು ಹಿಡಿಯಬಾರದು. ಹಿಡಿದರೂ ಹೆಂಡತಿಗೆ ಗೊತ್ತಾಗಬಾರದು. ನನಗೆ ಎರಡೂ ಆಯಿತು.

ಕೋಲ್ಕತ್ತದ ನಮ್ಮ ಬ್ಯಾಂಕ್ ಶಾಖೆಯಲ್ಲಿ ಕರಾವಳಿಯವರು ನಾವಿಬ್ಬರೇ, ನಾನು ಮತ್ತು ಶೆಣೈ. ದೀಪಾವಳಿಗೆ ರಜೆ ಸಿಗುವುದು ಒಬ್ಬನಿಗೆ ಮಾತ್ರ. ಈ ಸಲ ಉಡುಪಿಯಲ್ಲಿ ನನ್ನ ಹೆಂಡತಿ ಸುಮಾಳ ತಂಗಿಯ ಮಗುವಿಗೆ ನಾಮಕರಣ ಬೇರೆ. "ರಜೆ ಸಿಕ್ಕದಿದ್ರೆ ನಾನು ಹೋಗ್ತೇನೆ, ನೀವು ಇಲ್ಲೇ ಬ್ರೆಡ್ ತಿಂದ್ಕೊಂಡಿರಿ" ಎಂದು ಅವಳು ಮೊದಲೇ ಹೇಳಿದ್ದಳು. ಶೆಣೈಯೂ ಬಿಡುವವನಲ್ಲ. ಕಡೆಗೆ, ಟಾಲಿಗಂಜಿನಲ್ಲಿ ನಮ್ಮ ನೆರೆಯ ಮುಖರ್ಜಿದಾ ಮನೆಯಲ್ಲಿ ಭಾನುವಾರ ಆಡುವ ಪೋಕರಿನಲ್ಲೇ ತೀರ್ಮಾನವಾಗಲಿ ಎಂದುಕೊಂಡೆವು. ಒಡ್ಡುವುದು ಅಂಗಿಯ ಗುಂಡಿಗಳನ್ನು; ಹೆಚ್ಚು ಗುಂಡಿ ಗೆದ್ದವನಿಗೆ ರಜೆ.

ನಾನು ಸುಮ್ಮನೆ ಕೂರುವವನೇ? ಗೇಮ್ ಥಿಯರಿ, ಸಂಭವನೀಯತೆ ಎಂದು ಫೋನಿನಲ್ಲಿ ಪಾಠ ಕೇಳತೊಡಗಿದೆ. ಮೆಟ್ರೋದಲ್ಲಿ ನಿಂತು ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕುತ್ತಿದ್ದರೆ, ಪಾಪ, ಜಪ ಮಾಡುತ್ತಿದ್ದಾರೆಂದು ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು. ಗಣಿತದಿಂದ ನನಗಾದ ಲಾಭ ಅದೊಂದೇ. ಗರಿಯಾಹಾಟಿನಲ್ಲಿ ಸುಮಾ ಸೀರೆಗೆ ಚೌಕಾಸಿ ಮಾಡುವಾಗ, "ಈಗ ಎದ್ದು ಹೊರಟ ಹಾಗೆ ಮಾಡು, ಅದು ಗೇಮ್ ಥಿಯರಿ" ಎಂದೆ. "ನಮ್ಮಮ್ಮ ಮಾಡ್ತಿದ್ದದ್ದೂ ಅದನ್ನೇ. ಅವರಿಗೆ ಹೆಸರು ಗೊತ್ತಿರ್ಲಿಲ್ಲ ಅಷ್ಟೆ" ಎಂದಳು.

ಪಾಠದ ಸಾರ ಇಷ್ಟೇ: ಎಲೆ ಚೆನ್ನಾಗಿಲ್ಲದಿದ್ದರೆ ಮರ್ಯಾದೆಯಿಂದ ಕೆಳಗಿಟ್ಟು ಆ ಆಟ ಬಿಟ್ಟುಕೊಡಬೇಕು. ಆದರೆ ಮುಖರ್ಜಿದಾ ಮನೆಯಲ್ಲಿ ಒಂದು ಪದ್ಧತಿ, ಮೊದಲು ಎಲೆ ಕೆಳಗಿಟ್ಟವನು ಎದ್ದು ಎಲ್ಲರಿಗೂ ಚಹಾ ಮಾಡಬೇಕು. ಹಾಗಾಗಿ ಅಲ್ಲಿ ಯಾರೂ ಕೆಳಗಿಡುವುದೇ ಇಲ್ಲ! ಆ ಭಾನುವಾರ ನಾನೊಬ್ಬನೇ ಶಾಸ್ತ್ರೋಕ್ತವಾಗಿ ಕೆಳಗಿಡುತ್ತ, ಅಡುಗೆಮನೆಗೂ ಆಟಕ್ಕೂ ಓಡಾಡಿದೆ. ಒಳಗೆ ಸುಮಾಳ ಜೊತೆ ಹರಟುತ್ತಿದ್ದ ಬೌದಿ, ಅಂದರೆ ಮುಖರ್ಜಿದಾ ಹೆಂಡತಿ, ಪ್ರತಿ ಸಲವೂ ಕಪ್ ಮುಂದೆ ಚಾಚುತ್ತಿದ್ದರು.

ಕೊನೆಯ ಆಟದ ಹೊತ್ತಿಗೆ ಬೇರೆಯವರ ಗುಂಡಿಗಳೆಲ್ಲ ಮುಗಿದು, ಉಳಿದವರು ನಾನು, ಶೆಣೈ ಇಬ್ಬರೇ. ನನಗೆ ಅಪರೂಪಕ್ಕೆ ಒಳ್ಳೆಯ ಎಲೆ, ಮೂರು ರಾಜರು ಕೂಡಿದ್ದರು. ಶೆಣೈ ತನ್ನ ಗುಂಡಿಗಳನ್ನೆಲ್ಲ ಮುಂದೆ ತಳ್ಳಿದ. ಇಷ್ಟು ಧೈರ್ಯ ಬ್ಲಫ್ ಆಗಿರುವ ಸಂಭವ ತೀರಾ ಕಮ್ಮಿ ಎಂದು ಲೆಕ್ಕ ಹಾಕಿ, ಗಂಭೀರವಾಗಿ ಎಲೆ ಕೆಳಗಿಟ್ಟೆ. ಅವನು ತನ್ನದನ್ನು ತೋರಿಸಿದ. ಒಂದು ಜೋಡಿಯೂ ಇರಲಿಲ್ಲ!

"ಮತ್ತೆ ಎಂತ ಧೈರ್ಯದಲ್ಲಿ ತಳ್ಳಿದ್ದು?"

"ಧೈರ್ಯ ಎಂತದ್ದು ಮಾರಾಯ್ರೇ, ಮೊಣಗಂಟು ನೋವು. ಕೆಳಗಿಟ್ರೆ ಏಳ್ಬೇಕಲ್ಲ!"

ಆಟಗಾರನಿಗೆ ಗೆಲ್ಲುವ ಆಸೆ ಇರುತ್ತದೆ ಎಂದು ನನ್ನ ಪಾಠ ಹೇಳಿತ್ತು. ಮೊಣಗಂಟಿನ ಸುದ್ದಿ ಅದರಲ್ಲಿರಲಿಲ್ಲ. ರಜೆ ಹೋಯಿತು. ಎದ್ದು ಹೋಗಿ ಚಹಾಕ್ಕೆ ಶುಂಠಿ ಜಜ್ಜಿದೆ.

ಮನೆಗೆ ಬರುವಾಗ ಸುಮಾ ರಜೆಯ ಮಾತೇ ಎತ್ತಲಿಲ್ಲ. ನನಗೆ ಭಯವಾಯಿತು. ಬಾಗಿಲು ತೆಗೆದವಳೇ ತಿರುಗಿ ನಿಂತಳು.

"ಬೌದಿಗೆ ನಿಮ್ಮ ಚಹಾ ಹೊಗಳಿ ಮುಗಿಯುದಿಲ್ಲ. ಗ್ಯಾಸ್ ಹಚ್ಲಿಕ್ಕೂ ಬರುದಿಲ್ಲ ಅಂತ ಮದುವೆಯಾದಾಗಿಂದ ನನ್ನ ಹತ್ರ ಹೇಳ್ತಿದ್ರಲ್ಲ?"

ಜೀವಮಾನದಲ್ಲಿ ನಾನು ಗೆಲ್ಲುತ್ತ ಬಂದಿದ್ದ ಬ್ಲಫ್ ಅದೊಂದೇ. ಈಗ ಅವಳು ಶೆಣೈ ಸಂಸಾರದ ಜೊತೆ ಊರಿಗೆ ಹೋಗಿ ಬಂದಿದ್ದಾಳೆ. ಬೆಳಗಿನ ಚಹಾಕ್ಕೆ ಹಾಸಿಗೆಯಲ್ಲೇ ಕಾಯುತ್ತಾಳೆ.