ತಾನೇ ಮುಚ್ಚಿಕೊಂಡ ಗುಂಡಿ

ನಗರಸಭೆಯ ರಸ್ತೆ ದುರಸ್ತಿ ವಿಭಾಗದ ಗುಮಾಸ್ತರು ಆ ಸಂಜೆ ಮನೆಯ ಮುಂದೆ ಸೈಕಲ್ ಇಳಿದವರೇ ಹೌಹಾರಿದರು. ಮನೆಯ ಮುಂದಿನ ಗುಂಡಿ ಚಿಕ್ಕದಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ಆದರೆ ನಮ್ಮ ಗುಮಾಸ್ತರು ಇಪ್ಪತ್ತೆರಡು ವರ್ಷಗಳಿಂದ ಊರಿನ ಗುಂಡಿಗಳ ರಿಜಿಸ್ಟರ್ ಬರೆಯುತ್ತ ಬಂದವರು. ಗುಂಡಿ ಮುಚ್ಚಬೇಕಾದರೆ ಅರ್ಜಿ ಬರಬೇಕು, ಅಂದಾಜು ಪಟ್ಟಿ ಆಗಬೇಕು, ಮೂರು ಸಹಿ ಬೀಳಬೇಕು, ಕೊನೆಗೆ ಅನುದಾನವಿಲ್ಲವೆಂದು ಕಡತ ಅವರ ಮೇಜಿಗೇ ವಾಪಸಾಗಬೇಕು. ಈ ಗುಂಡಿಯ ಕಡತವೂ ಅಲ್ಲೇ ಇತ್ತು (ಅದರ ಮೇಲೆ ಅವರು ಊಟದ ಡಬ್ಬಿ ಇಡುತ್ತಿದ್ದರು). ಹಾಗಿದ್ದ ಮೇಲೆ ಮುಚ್ಚಿದವರು ಯಾರು?

ಬಗ್ಗಿ ನೋಡಿದರು. ಹೊಸ ಡಾಂಬರಿಲ್ಲ, ಜಲ್ಲಿಯಿಲ್ಲ, ಒಂದು ಹೆಜ್ಜೆಯ ಗುರುತೂ ಇಲ್ಲ. ಗಾಯ ಮಾಗುವ ಹಾಗೆ ಅಂಚುಗಳು ಒಳಕ್ಕೆ ಸರಿದಿದ್ದವು. ಬೆರಳಿಟ್ಟರೆ ಬೆಚ್ಚಗೆ, ಮೆತ್ತಗೆ ಇತ್ತು. ಅಂದು ಬೆಳಗಿನಿಂದ ಬಿಸಿಲೇ ಬಿದ್ದಿರಲಿಲ್ಲ.

"ಏನೇ, ಇಲ್ಲಿಗೆ ಯಾರಾದ್ರೂ ಬಂದಿದ್ರಾ?" ಎಂದು ಬಾಗಿಲಲ್ಲೇ ಹೆಂಡತಿಯನ್ನು ಕೇಳಿದರು.

"ಯಾರು, ನಿಮ್ಮ ಆಫೀಸಿನೋರಾ? ಬಂದಿದ್ರೆ ಫೋಟೋ ತೆಗೆದು ಗೋಡೆಗೆ ನೇತುಹಾಕ್ತಿದ್ದೆ."

"ತಮಾಷೆ ಬೇಡ ಕಣೇ. ಗುಂಡಿ ಚಿಕ್ಕದಾಗಿದೆ."

"ಆಗ್ಲಿ ಬಿಡಿ! ಎರಡು ಸಲ ಸ್ಕೂಟರ್ ಸಮೇತ ಅದರೊಳಗೆ ಹೋಗಿ ಬಂದಿದೀನಿ. ನಿಮ್ಮನ್ನ ಕಾದೂ ಕಾದೂ ಅದಕ್ಕೇ ನಾಚಿಕೆ ಆಗಿರ್ಬೇಕು."

ಆಕೆಗೆ ನಗು, ಇವರಿಗೆ ಪ್ರಾಣಸಂಕಟ. ಮುಂದಿನ ವಾರ ಬಜೆಟ್ ಸಭೆಯಿತ್ತು. ರಸ್ತೆಗೆ ಸುರಿಯುವ ಹಣವನ್ನೆಲ್ಲ ಬೀದಿಬದಿ ಪಾರ್ಕಿಂಗಿಗೆ ಹಾಕಿ, ಬಿಳಿ ಗೆರೆ ಎಳೆದು, ಗಾಡಿ ನಿಲ್ಲಿಸುವವರಿಂದ ಶುಲ್ಕ ವಸೂಲಿ ಮಾಡಬೇಕೆಂದು ದೊಡ್ಡ ಸಾಹೇಬರು ಹವಣಿಸುತ್ತಿದ್ದರು. ಗುಂಡಿಗಳಿವೆ ಎಂಬ ಒಂದೇ ನೆಪದ ಮೇಲೆ ದುರಸ್ತಿ ವಿಭಾಗ ಉಸಿರಾಡುತ್ತಿತ್ತು. ಗುಂಡಿ ಹೋದರೆ ವಿಭಾಗ ಹೋಯಿತು, ವಿಭಾಗ ಹೋದರೆ ಫ್ಯಾನಿನ ಕೆಳಗಿನ ಆ ಮೆತ್ತನೆಯ ಕುರ್ಚಿ ಹೋಯಿತು. ಆಮೇಲೆ ಕೊರಳಿಗೆ ಸೀಟಿ ಕಟ್ಟಿಕೊಂಡು ಬೀದಿಯಲ್ಲಿ ಚೀಟಿ ಹರಿಯುವುದೇ ಗತಿ. ನೆನೆದರೇ ಗುಮಾಸ್ತರಿಗೆ ಅಳು ಬರುತ್ತಿತ್ತು.

ಮರುದಿನ ಗುಂಡಿ ತಟ್ಟೆಯಷ್ಟಾಗಿತ್ತು, ಅದರ ಮರುದಿನ ಅಂಗೈಯಷ್ಟು. ಮೂರನೆಯ ದಿನ ಅರ್ಧ ದಿನದ ರಜೆ ಹಾಕಿ, ಪರದೆಯ ಹಿಂದೆ ಕೂತು ಕಣ್ಣು ಮಿಟುಕಿಸದೆ ಕಾದರು. ಮಧ್ಯಾಹ್ನದ ಮೂರು ಗಂಟೆ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಸಾಲಾಗಿ ನಿಂತ ಕಾರುಗಳ ಗಾಜುಗಳೆಲ್ಲ ಒಂದೇ ಕಡೆ ನೋಡುವಂತಿದ್ದವು. ಆಗ ನೆಲದಿಂದ ನಿದ್ದೆಯಲ್ಲಿ ಹಲ್ಲು ಕಡಿಯುವಂಥ ಸದ್ದು ಬಂತು. ರಸ್ತೆಯಂಚಿನ ಒಂದು ಕಲ್ಲು ಮೆಲ್ಲಗೆ ಉರುಳುತ್ತ ಬಂದು, ಗುಂಡಿಯೊಳಗೆ ಇಳಿದು, ಮಗ್ಗುಲು ಬದಲಿಸಿ ಮಲಗಿತು. ಅದರ ಮೇಲೆ ಡಾಂಬರು ಹೊದಿಕೆ ಎಳೆದುಕೊಂಡಿತು.

ಗುಮಾಸ್ತರು ಪರದೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಆದರೂ ಕುರ್ಚಿಯ ಮೋಹ ದೊಡ್ಡದು ನೋಡಿ, ಹಾರೆ ಹಿಡಿದು ಹೊರಗೋಡಿದರು.

ಮೊದಲ ಏಟಿಗೆ ನೆಲದೊಳಗಿಂದ ಯಾರೋ "ಹಾ..." ಎಂದು ನರಳಿದರು.

"ಕ್ಷಮಿಸಬೇಕು," ಎಂದರು ಗುಮಾಸ್ತರು. (ಸರ್ಕಾರಿ ನೌಕರರಾದರೂ ಸಭ್ಯರು.) ಮತ್ತೆ ಅಗೆದರು.

"ರೀ! ಏನ್ರೀ ಇದು?" ಹೆಂಡತಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು. "ಪಾಪ, ಅದರ ಪಾಡಿಗೆ ಅದು ವಾಸಿಯಾಗ್ತಿದ್ರೆ ನಿಮಗೇನ್ರೀ ಕಷ್ಟ?"

"ನೀನು ಒಳಗೆ ಹೋಗು. ಇದು ಇಲಾಖೆಯ ವಿಷಯ."

"ಇಲಾಖೆಗೆ ನಾನು ಮೊನ್ನೇನೇ ಕಾಗದ ಬರೆದಿದೀನಿ, ಗುಂಡಿ ಚೆನ್ನಾಗಿ ಮುಚ್ಚಿದೀರಿ, ತುಂಬಾ ಧನ್ಯವಾದ ಅಂತ."

ಗುಮಾಸ್ತರ ಕೈಯ ಹಾರೆ ಅಲ್ಲೇ ನಿಂತಿತು. ಬೀದಿಯ ತುದಿಯಲ್ಲಿ ಒಂದು ಜೀಪು ತಿರುಗಿತು. ದೊಡ್ಡ ಸಾಹೇಬರು ಕೈಯಲ್ಲಿ ಆ ಕಾಗದ ಹಿಡಿದೇ ಇಳಿದರು.

"ನಮ್ಮ ಕಚೇರಿಗೆ ಧನ್ಯವಾದ ಬಂದದ್ದು ಇದೇ ಮೊದಲು ಕಣ್ರೀ. ಯಾವ ಫೈಲಿಗೆ ಹಾಕೋದು ಗೊತ್ತಾಗದೆ ನಾನೇ ಬಂದೆ. ನೀವೇನು ಮಾಡ್ತಿದೀರಿ?"

"ಸರ್... ತಪಾಸಣೆ," ಎಂದು ಗುಮಾಸ್ತರು ತೊದಲಿದರು.

ಅಷ್ಟರಲ್ಲಿ ಎಲ್ಲರ ಕಣ್ಣೆದುರೇ ಗುಂಡಿ ತುಟಿ ಮುಚ್ಚಿದ ಹಾಗೆ ಮುಚ್ಚಿಕೊಂಡಿತು. ಜೀಪಿನ ಡ್ರೈವರ್ ಹೆದರಿ ಕಿಟಕಿಯ ಗಾಜು ಏರಿಸಿದ. ಸಾಹೇಬರು ಹೆದರಲಿಲ್ಲ. ಅವರ ಮುಖ ಅರಳಿದ್ದನ್ನು ಕಂಡಾಗಲೇ ಗುಮಾಸ್ತರಿಗೆ ನಿಜವಾದ ಭಯವಾಯಿತು.

"ಅಂದ್ರೆ ಇನ್ನು ದುರಸ್ತಿಗೆ ದುಡ್ಡೇ ಬೇಡ!" ಎಂದರು ಸಾಹೇಬರು.

ಸೋಮವಾರ ವಿಭಾಗಕ್ಕೆ ಬೀಗ ಬಿತ್ತು. ಮಂಗಳವಾರ ಬೀದಿಯುದ್ದಕ್ಕೂ ಬಿಳಿ ಗೆರೆ ಬಿತ್ತು. ಬುಧವಾರ ಗುಮಾಸ್ತರು ಸೀಟಿ, ಚೀಟಿಪುಸ್ತಕಗಳೊಂದಿಗೆ ಸ್ವಂತ ಮನೆಯ ಮುಂದೆಯೇ ನಿಂತರು. ಮೊದಲ ಗಿರಾಕಿ ಸ್ಕೂಟರಿನ ಮೇಲೆ ಬಂದ ಹೆಂಡತಿ. ಶುಲ್ಕ ಕೇಳಿದ್ದಕ್ಕೆ, "ಊಟಕ್ಕೆ ಒಳಗೆ ಬನ್ನಿ, ಅಲ್ಲಿ ವಸೂಲಿ ಮಾಡ್ಕೊಳ್ಳೋರಂತೆ," ಎಂದು ಹೊರಟುಹೋದಳು.

ಮಧ್ಯಾಹ್ನ ಮೂರಕ್ಕೆ ಬೀದಿ ಮತ್ತೆ ಖಾಲಿಯಾಯಿತು. ಹಲ್ಲು ಕಡಿಯುವ ಸದ್ದು ಮತ್ತೆ ಕೇಳಿದಾಗ ಗುಮಾಸ್ತರು ಪಕ್ಕಕ್ಕೆ ಸರಿಯಹೋದರು, ಸರಿಯಲಾಗಲಿಲ್ಲ. ಬಗ್ಗಿ ನೋಡಿದರೆ ಡಾಂಬರು ಬೂಟುಗಳನ್ನು ನುಂಗಿ, ಬೆಚ್ಚಗೆ, ಬಹಳ ಅಕ್ಕರೆಯಿಂದ, ಕಣಕಾಲಿನವರೆಗೆ ಏರಿತ್ತು.

ಅವರು ಇದ್ದ ಉಸಿರೆಲ್ಲ ಹಾಕಿ ಸೀಟಿ ಊದಿದರು. ಹೆಂಡತಿ ಓಡಿ ಬಂದಳು. ಕಂಕುಳಿಗೆ ಕೈ ಕೊಟ್ಟು ಎಳೆದಳು, ಜಗ್ಗಿದಳು, ಬೈದಳು, ಅತ್ತಳು. ಗುಮಾಸ್ತರು ಅಲುಗಲಿಲ್ಲ. ಕೊನೆಗೆ ಆಕೆ ಒಳಗೋಡಿ ಕಾಗದ, ಪೆನ್ನು ಹಿಡಿದು ಬಂದಳು.

"ಬೇಗ ಹೇಳ್ರೀ, ರಸ್ತೆ ಅಗೀಬೇಕು ಅಂತ ಯಾವ ವಿಭಾಗಕ್ಕೆ ಅರ್ಜಿ ಬರೀಲಿ?"