ಮೂವತ್ತಾರು ಸಂಚಿಕೆಗೆ ಒಂದು ಗರಗಸ

ಬೈಂಡರನ ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ನಾನು ಶಪಥ ಮಾಡಿಬಿಟ್ಟೆ. ಇನ್ನು ಮುಂದೆ ನಮ್ಮ ಮನೆಯ ಒಂದೇ ಒಂದು ಹಾಳೆಯೂ ಹೊರಗಿನವರ ಕೈ ಸೇರಕೂಡದು! ಹದಿನೆಂಟು ವರ್ಷದಿಂದ ಕಚೇರಿಯ ದಾಖಲೆ ಕೋಣೆಯಲ್ಲಿ ಕಡತ ಕಟ್ಟುತ್ತಿರುವ ಕೈ ಇದು. ಈ ಕೈ ಕಟ್ಟಿದ ಕಡತವನ್ನು ಬಿಚ್ಚಲು ಮೇಲಧಿಕಾರಿಗಳೇ ಹೆದರುತ್ತಾರೆ. ಬಿಚ್ಚಿದರೆ ಓದಬೇಕಾಗುತ್ತದೆ ಎಂಬ ಭಯವೂ ಇರಬಹುದು, ಅದು ಬೇರೆ ಮಾತು. ಅಂಥ ನನಗೆ ಆ ಬೈಂಡರ್, ಬೆರಳಿಗೆ ಅಂಟಿದ ಗೋಂದನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, "ಹತ್ತು ದಿನ ಆಗುತ್ತೆ. ಮತ್ತೆ ಇಷ್ಟು ದಪ್ಪ ಒಂದೇ ಸಂಪುಟಕ್ಕೆ ಬರಲ್ಲ, ಮೂರು ಮಾಡ್ಬೇಕು" ಎಂದು ಪಾಠ ಹೇಳಿದರೆ ಹೇಗಿರಬೇಡ?

ವಿಷಯ ಇಷ್ಟು. ನನ್ನ ಹೆಂಡತಿ ಒಂದು ಮಾಸಪತ್ರಿಕೆಗೆ ಮೂರು ವರ್ಷ 'ಮನೆಯೊಳಗಿನ ಮಾತು' ಎಂಬ ಅಂಕಣ ಬರೆದಳು. ತಿಂಗಳಿಗೊಂದರಂತೆ ಮೂವತ್ತಾರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಊರವರ ಬೆರಳು ಚುಚ್ಚಿ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು, ನಿಂತೇ ಬರೆದು ಅಂಚೆಗೆ ಹಾಕುತ್ತಿದ್ದಳು. ನಕಲು ಇಟ್ಟುಕೊಂಡವಳಲ್ಲ. ಆಮೇಲೆ ಪತ್ರಿಕೆ ಮುಚ್ಚಿತು, ಅದರ ಕಚೇರಿಯಲ್ಲಿ ಈಗ ಟೈಲ್ಸ್ ಮಾರುತ್ತಾರೆ. ಹೀಗಾಗಿ ಆ ಮೂವತ್ತಾರು ಅಂಕಣಗಳು ಈ ಭೂಮಂಡಲದಲ್ಲಿ ಉಳಿದದ್ದು ನಮ್ಮ ಬೀರುವಿನ ಕೆಳಗಿನ ಅರೆಯಲ್ಲಿ ಮಾತ್ರ.

ಅಂಥದ್ದರಲ್ಲಿ ಒಬ್ಬ ಪ್ರಕಾಶಕಿ ಫೋನ್ ಮಾಡಿ, ಪುಸ್ತಕ ಮಾಡೋಣ, ಸೋಮವಾರ ಹನ್ನೊಂದಕ್ಕೆ ಎಲ್ಲ ಸಂಚಿಕೆ ತನ್ನಿ, ಆದರೆ ಬಿಡಿಬಿಡಿಯಾಗಿ ಬೇಡ, ಒಟ್ಟಿಗೆ ಕಟ್ಟಿಸಿ ತನ್ನಿ ಎಂದರು. ಹಿಂದೆ ಯಾರೋ ಬಿಡಿ ಸಂಚಿಕೆ ತಂದುಕೊಟ್ಟು, ಮುದ್ರಣಾಲಯದಲ್ಲಿ ಎರಡು ಕಳೆದುಹೋಗಿ ದೊಡ್ಡ ರಾದ್ಧಾಂತವಾಗಿತ್ತಂತೆ. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಐದು ನಿಮಿಷ ಗೋಡೆ ನೋಡಿಕೊಂಡು ನಗುತ್ತಿದ್ದಳು. ನಮ್ಮ ಮದುವೆಯ ದಿನವೂ ಅವಳು ಅಷ್ಟು ಹೊತ್ತು ನಕ್ಕಿರಲಿಲ್ಲ.

ಇಲ್ಲೊಂದು ತಪ್ಪೊಪ್ಪಿಗೆ. ಆ ಅಂಕಣಗಳಲ್ಲಿ ಒಂದನ್ನೂ ನಾನು ಓದಿರಲಿಲ್ಲ! ಬಟ್ಟೆಯ ಕಲೆ ತೆಗೆಯುವುದು, ಬೆಳ್ಳಿ ಹೊಳೆಯಿಸುವುದು ಇಂಥದ್ದೇ ಏನೋ ಇರುತ್ತದೆ ಎಂದುಕೊಂಡಿದ್ದೆ. ಪ್ರತಿ ತಿಂಗಳು "ಈ ಸಲ ತುಂಬಾ ಚೆನ್ನಾಗಿದೆ" ಎಂದು ಹೇಳುವುದನ್ನು ಮಾತ್ರ ತಪ್ಪಿಸಿರಲಿಲ್ಲ. ಕಚೇರಿಯ ಹೆಡ್ ಕ್ಲರ್ಕ್ ತಿಂಗಳ ಮೊದಲ ವಾರ ನನ್ನ ಮೇಜಿನ ಹತ್ತಿರ ಬಂದು, ನೀರಿನ ಟ್ಯಾಂಕು ಹೇಗಿದೆ, ಪರದೆ ಕೋಲು ನಿಂತಿದೆಯೇ ಎಂದು ವಿಚಾರಿಸಿ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೋಗುತ್ತಿದ್ದರು. ಪಾಪ, ಕೆಮ್ಮಿದ್ದರೂ ನಮ್ಮ ಮನೆಯ ಚಿಂತೆ ಬಿಟ್ಟಿಲ್ಲವಲ್ಲ ಎಂದು ನಾನು ಅವರ ಮೇಲೆ ಗೌರವ ಇಟ್ಟುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಹೆಂಡತಿ ಲ್ಯಾಬಿಗೆ ಹೊರಡುವಾಗ, ಈ ಬೈಂಡರ್ ಒಪ್ಪದಿದ್ದರೇನಂತೆ, ಬೇರೆ ಅಂಗಡಿ ನೋಡೋಣ, ಅದಕ್ಕೂ ಮೊದಲು ಎಲ್ಲ ಜೆರಾಕ್ಸ್ ಮಾಡಿಸಿಬಿಡೋಣ ಎಂದಳು. ಕಟ್ಟಿದ ಮೇಲೆ ಮಾಡಿಸಿದರಾಯಿತು ಎಂದೆ. ಯಾರು ಕಟ್ಟುತ್ತಾರೆ ಎಂಬಂತೆ ನನ್ನ ಮುಖ ನೋಡಿದಳು.

"ಅದೇನು ಮಹಾ? ನಾನಿಲ್ವಾ!" ಎಂದೆ.

ಅವಳು ಚಪ್ಪಲಿಗೆ ತೂರಿಸಿದ ಕಾಲನ್ನು ಹೊರಗೆ ತೆಗೆದು ಒಂದು ಕ್ಷಣ ನಿಂತಳು. ಆದರೆ ಲ್ಯಾಬಿನಲ್ಲಿ ಜನ ಹೊಟ್ಟೆ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಹೋದಳು.

ನಾನು ಊಟದ ಮೇಜನ್ನು ಕಾರ್ಯಾಗಾರವೆಂದು ಘೋಷಿಸಿದೆ. ಕಡತದ ಶಾಸ್ತ್ರದಂತೆ ಸಂಚಿಕೆಗಳನ್ನು ಜೋಡಿಸಿದೆ. ಕಚೇರಿಯಲ್ಲಿ ಹೊಸ ಕಾಗದ ಮೇಲೆ, ಹಳೆಯದು ಕೆಳಗೆ. ಇಲ್ಲೂ ಹಾಗೆಯೇ ಕೊನೆಯ ಸಂಚಿಕೆ ಎಲ್ಲಕ್ಕಿಂತ ಮೇಲೆ, ಮೊದಲನೆಯದು ತಳದಲ್ಲಿ! ಕಾಲೇಜಿಗೆ ರಜೆ ಇದ್ದ ಮಗಳು ಕಾಫಿ ಲೋಟ ಹಿಡಿದು ಬಂದು ನೋಡಿ, ಪುಸ್ತಕವನ್ನು ಹಿಂದಿನಿಂದ ಓದಬೇಕೇ ಎಂದು ಕೇಳಿದಳು. ಇದು ದಾಖಲೆ ಶಾಸ್ತ್ರ, ನಿನಗೆ ತಿಳಿಯುವುದಿಲ್ಲ ಎಂದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಸಿನಿಮಾ ಶುರುವಾಗುವ ಮುಂಚೆ ಜನ ಹಾಗೆ ಕೂರುತ್ತಾರೆ.

ಈಗ ತೂತು. ಕಚೇರಿಯ ಪಂಚಿಂಗ್ ಯಂತ್ರ ಇಪ್ಪತ್ತು ಹಾಳೆಗೇ ಏದುಸಿರು ಬಿಡುತ್ತದೆ. ಇದೋ, ಒಂದು ಗೇಣಿಗೆ ಸ್ವಲ್ಪವೇ ಕಡಿಮೆ ಇದ್ದ ರಾಶಿ. ಗೋಡೆ ಕೊರೆಯುವ ಉದ್ದ ಮೊನೆಯ ಡ್ರಿಲ್ ತಂದೆ. ಗುರ್ರ್ ಎಂದಿತು, ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಒಂದು, ಎರಡು, ಮೂರು, ನಾಲ್ಕು, ಐದು! ಪ್ರತಿ ಸಲ ಕೊನೆಗೆ ಸ್ವಲ್ಪ ಬಿಗಿ ಸಿಕ್ಕಿ, ಮರದ ಪುಡಿ ಹಾರಿತು. ಕಾಗದ ಮಾಡುವುದೇ ಮರದಿಂದ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಹೊಲಿಗೆ. ಹಾಸಿಗೆ ಹೊಲಿಯುವ ದಬ್ಬಳ, ಗಟ್ಟಿ ದಾರ. ಮೇಲಿನಿಂದ ಚುಚ್ಚುವುದು, ಮೇಜಿನ ಅಡಿಗೆ ತೆವಳಿ ಹೋಗಿ ಎಳೆಯುವುದು, ಪಕ್ಕದ ತೂತಿನಿಂದ ಮೇಲಕ್ಕೆ ತೂರಿಸುವುದು, ಮತ್ತೆ ಹೊರಗೆ ಬರುವುದು. ಹತ್ತು ಸಲ ಒಳಗೆ, ಹತ್ತು ಸಲ ಹೊರಗೆ. ಎರಡು ಸಲ ತಲೆ ಮೇಜಿಗೆ ತಾಗಿತು. ಕೊನೆಗೆ ನನ್ನ ಸುಪ್ರಸಿದ್ಧ ಕಡತದ ಗಂಟನ್ನು ಮೂರು ಸಲ ಹಾಕಿ, ಎದೆಯುಬ್ಬಿಸಿ, ಸಂಪುಟವನ್ನು ಎತ್ತಿದೆ.

ಮೇಜೂ ಎದ್ದಿತು.

ನಾನು ಬಿಟ್ಟೆ, ಮೇಜು ಕೂತಿತು. ಮತ್ತೆ ಎತ್ತಿದೆ, ಮತ್ತೆ ಎದ್ದಿತು. ಎಳೆದು ನೋಡಿದೆ, ಮೇಜು ಸಾಕಿದ ಪ್ರಾಣಿಯಂತೆ ಹಿಂದೆಯೇ ಬಂತು. ಐದು ತೂತುಗಳು ಮೇಜನ್ನೂ ದಾಟಿ ಹೋಗಿದ್ದವು, ಮತ್ತು ನಾನು ಹೆಂಡತಿಯ ಸಮಗ್ರ ಸಾಹಿತ್ಯವನ್ನು ಊಟದ ಮೇಜಿಗೆ ಹೊಲಿದಿದ್ದೆ!

"ಸೋಮವಾರ ಅಮ್ಮ ಮೇಜನ್ನೂ ತಗೊಂಡು ಹೋಗ್ಬೇಕಾ?" ಎಂದಳು ಮಗಳು.

ಕತ್ತರಿ ತಂದು ಹೊಲಿಗೆಯನ್ನೆಲ್ಲ ಕತ್ತರಿಸಿದೆ. ದಾರ ಮುಗಿದಿತ್ತು. ಮುಗಿದರೆ ಮುಗಿಯಲಿ, ಬಡಗಿಗಳು ಮಂಚ ಕುರ್ಚಿಯನ್ನೇ ಅಂಟಿಸುವ ಬಿಳಿ ಗೋಂದು ಇತ್ತಲ್ಲ! ಸಂಪುಟವನ್ನು ಹಗ್ಗದಿಂದ ಬಿಗಿದು, ಬೆನ್ನು ಮೇಲೆ ಮಾಡಿ ತಟ್ಟೆಯೊಂದರಲ್ಲಿ ನಿಲ್ಲಿಸಿ, ಡಬ್ಬಿಯನ್ನು ಬೋರಲು ಹಾಕಿದೆ. ಬೇಗ ಒಣಗಲೆಂದು ಫ್ಯಾನ್ ಹಾಕಿ, ಮಾಡಿದ ಕೆಲಸಕ್ಕೆ ತಕ್ಕ ವಿಶ್ರಾಂತಿ ಬೇಕೆಂದು ಮಲಗಿದೆ.

ಎದ್ದು ಬರುವಷ್ಟರಲ್ಲಿ ಗೋಂದು ಗುರುತ್ವಾಕರ್ಷಣೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ಬೆನ್ನಿನಿಂದ ಇಳಿದು, ಐದು ತೂತುಗಳಲ್ಲಿ ನುಗ್ಗಿ, ಪುಟಗಳ ಅಡಿಯ ಅಂಚಿಗೂ ಹರಿದು, ತಟ್ಟೆಯಲ್ಲಿ ಕೆರೆ ಕಟ್ಟಿ, ಮುಂಭಾಗವನ್ನೂ ಅದರಲ್ಲಿ ನೆನೆಸಿ, ಕಲ್ಲಾಗಿ ಕೂತಿತ್ತು. ಬೆನ್ನು ಭದ್ರ. ಮುಂಭಾಗ ಅದಕ್ಕಿಂತ ಭದ್ರ! ತೆರೆಯುವ ದಿಕ್ಕೇ ಇಲ್ಲದ ಪುಸ್ತಕ. ತಟ್ಟೆಯೂ ಅದಕ್ಕೇ ಅಂಟಿತ್ತು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತೂ ನನ್ನದೇ, ತೂತೂ ನನ್ನದೇ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಗಡಿಯಾರ ಎರಡೂವರೆ ತೋರಿಸುತ್ತಿತ್ತು, ಹೆಂಡತಿ ಮೂರಕ್ಕೆ ಬರುವವಳು. ಅಂಟಿದ ಅಂಚನ್ನು ಅರ್ಧ ಇಂಚು ತೆಗೆದರೆ ಪುಸ್ತಕ ಅರಳುತ್ತದೆ ಎಂದು ಬುದ್ಧಿ ಹೇಳಿತು. ನಾನು ಗರಗಸ ತೆಗೆದುಕೊಂಡೆ. ಮುಂಭಾಗ ಅರ್ಧ ಇಂಚು, ಕೆಳಭಾಗ ಅರ್ಧ ಇಂಚು. ಮಗಳು ಮೊದಲ ಸಲ ಎದ್ದು ನಿಂತು, "ಅಪ್ಪ, ಬೇಡ" ಎಂದಳು. ನನಗೆ ಗರಗಸದ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಹೇಳಬಹುದು, ಆದರೆ ಕೇಳಿಸಿತ್ತು.

ಪುಸ್ತಕವೇನೋ ಅರಳಿತು. ಅದೇ ಹೊತ್ತಿಗೆ ಬಾಗಿಲೂ ತೆರೆಯಿತು.

ಹೆಂಡತಿ ಚೀಲವನ್ನು ಕೆಳಗಿಟ್ಟು, ಮೇಲಿನ ಸಂಚಿಕೆಯ ಕೊನೆಯ ಪುಟ ತಿರುವಿದಳು. ಇನ್ನೊಂದರದ್ದು ತಿರುವಿದಳು. ಮತ್ತೊಂದು. ಮುಂಭಾಗದಲ್ಲಿ ಹೋದದ್ದು ಬರೀ ಖಾಲಿ ಅಂಚು, ಕೆಳಗೆ ಹೋದದ್ದು ಹೆಚ್ಚಿನ ಪುಟಗಳಲ್ಲಿ ಪುಟಸಂಖ್ಯೆ ಮಾತ್ರ. ಆದರೆ ಅವಳ ಅಂಕಣ ಪ್ರತಿ ಸಲವೂ ಕೊನೆಯ ಪುಟದಲ್ಲಿ ತುಂಬಿ, ಅಂಚಿನವರೆಗೂ ಇಳಿದಿತ್ತು. ಮೂವತ್ತಾರು ಅಂಕಣಗಳ ಕೊನೆಯ ಸಾಲು, ಒಂದೂ ಬಿಡದೆ, ನೆಲದ ಮೇಲೆ ಬಿದ್ದಿತ್ತು. ಅದೂ ಓದುವ ಹಾಗಿರಲಿಲ್ಲ, ಗೋಂದು ಕುಡಿದು ಒಂದೇ ಕೊರಡಾಗಿತ್ತು.

ಅವಳು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ನೆಲದ ಮೇಲೆ ಕೂತು ಆ ಕೊರಡನ್ನು ಮಡಿಲಿಗೆ ತೆಗೆದುಕೊಂಡು, ಉಗುರಿನಿಂದ ಬಿಡಿಸಲು ನೋಡಿದಳು.

"ನಿಂತ್ಕೊಂಡು ಬರೆದಿದ್ದು ಕಣ್ರೀ ಇದನ್ನೆಲ್ಲ" ಎಂದಳು ಅಷ್ಟೆ.

ನನಗೆ ನಿಜವಾಗಿ ಅಳು ಬಂತು. ಹದಿನೆಂಟು ವರ್ಷದ ಕೈ ಎಂದೆನಲ್ಲ, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಂಪುಟವನ್ನು, ತಟ್ಟೆ ಅಂಟಿದ್ದ ಮುಂಭಾಗದ ತುಂಡಿನ ಸಮೇತ ಎತ್ತಿಕೊಂಡು, ಬರಿಗಾಲಲ್ಲಿ ಬೈಂಡರನ ಅಂಗಡಿಗೆ ಓಡಿದೆ.

ಬೈಂಡರ್ ಅದನ್ನು ತಿರುಗಿಸಿ ನೋಡಿದ, ಮೂಸಿದ, ತಟ್ಟೆಯನ್ನು ಬೆರಳಿನಿಂದ ಬಡಿದ. ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದು ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದ. ನಾನು ತಲೆ ತಗ್ಗಿಸಿ ನಿಂತೆ. ಸೋಮವಾರದ ವಿಷಯ ಹೇಳಿದಾಗ ಅವನ ನಗು ನಿಂತಿತು. ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಬಿಸಿನೀರಿನ ಬಟ್ಟೆ, ತೆಳು ಚಾಕು ಹಿಡಿದು ಕೂತ. ಸಂಜೆಯ ಹೊತ್ತಿಗೆ ಮೂವತ್ತಾರು ಸಂಚಿಕೆಯನ್ನೂ ಬಿಡಿಸಿಕೊಟ್ಟು, ಸಾಲು ಹೋದದ್ದಕ್ಕೆ ತನ್ನ ಹತ್ತಿರ ಮದ್ದಿಲ್ಲ, ಅದನ್ನು ಮನೆಯಲ್ಲೇ ತುಂಬಿಸಿ ನಾಳೆ ಸಂಜೆ ತಂದರೆ ರಾತ್ರೋರಾತ್ರಿ ಮೂರು ಸಂಪುಟ ಕಟ್ಟಿ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿಕೊಡುತ್ತೇನೆ ಎಂದ.

ಭಾನುವಾರ ಬೆಳಿಗ್ಗೆ ಮೂವರೂ ಐದು ತೂತಿನ ಮೇಜಿನ ಸುತ್ತ ಕೂತೆವು. ಹೆಂಡತಿಗೆ ಅಷ್ಟು ವರ್ಷದ ಹಿಂದಿನ ಸಾಲುಗಳು ನೆನಪಾಗುವುದು ಹೇಗೆ ಎಂಬುದೇ ನನ್ನ ಚಿಂತೆ. ನಾನೇ ಗಟ್ಟಿಯಾಗಿ ಓದುತ್ತೇನೆ, ಕೊನೆಗೆ ಬರುವಾಗ ನಿನಗೆ ಹೊಳೆಯಬಹುದು ಎಂದು ಮೊದಲನೆಯದನ್ನು ಕೈಗೆತ್ತಿಕೊಂಡೆ. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಕಲೆ ತೆಗೆಯುವ ಸುದ್ದಿಯೇ ಇಲ್ಲ! ಒಬ್ಬ ಗಂಡ ನೀರಿನ ಟ್ಯಾಂಕು ತೊಳೆಯಲು ಒಳಗೆ ಇಳಿದು, ಹತ್ತಲಾಗದೆ, ಒಳಗಿನಿಂದಲೇ ಕೂಗಿ ಬೀದಿಯವರನ್ನೆಲ್ಲ ಸೇರಿಸಿದ ಕತೆ. ಎರಡನೆಯದರಲ್ಲಿ ಅದೇ ಗಂಡ ಪರದೆ ಕೋಲು ಕೂರಿಸಿ, ಕೋಲು, ಪರದೆ, ಅರ್ಧ ಗೋಡೆಯ ಸಮೇತ ಸೋಫಾದ ಮೇಲೆ ಬಿದ್ದಿದ್ದ. ಮೂರನೆಯದರಲ್ಲಿ ಮಗಳ ಕೂದಲು ತಾನೇ ಕತ್ತರಿಸಿದ್ದ.

"ಅದಾದ್ಮೇಲೆ ಎರಡು ತಿಂಗಳು ಟೋಪಿ ಹಾಕ್ಕೊಂಡು ಹೋಗಿದ್ದೆ ನಾನು" ಎಂದಳು ಮಗಳು.

ಹೆಡ್ ಕ್ಲರ್ಕರ ಕೆಮ್ಮು ಎಂಥದ್ದೆಂದು ಆಗ ನನಗೆ ಅರ್ಥವಾಯಿತು.

ಮಗಳು ಸಂಚಿಕೆಗಳನ್ನು ನಾನು ಜೋಡಿಸಿದ್ದ ಕ್ರಮದಲ್ಲೇ ಬಿಡಬಹುದಿತ್ತು ಎಂದಳು. ಹಿಂದಿನಿಂದ ಓದಿಕೊಂಡು ಹೋದರೆ ಅಪ್ಪ ಪುಟ ಪುಟಕ್ಕೂ ಜಾಣರಾಗುತ್ತಾರಂತೆ, ಮೊದಲಿನಿಂದ ಓದಿದರೆ ಆ ಆಸೆಯೇ ಇಲ್ಲವಂತೆ.

ನಾನು ಮೊದಲನೆಯದರ ಕತ್ತರಿಸಿದ ಅಂಚಿಗೆ ಬಂದು ನಿಂತೆ. "ಇಷ್ಟು ಪಾಡು ಪಟ್ಟ ಮೇಲೆ, ಇನ್ನಾದರೂ ಟ್ಯಾಂಕು ತೊಳೆಯುವವರನ್ನು ಕರೆಯೋಣ ಎಂದೆ. ಅದಕ್ಕೆ ಇವರು" ಎಂದಿತ್ತು, ಅಲ್ಲಿಂದ ಮುಂದೆ ಗರಗಸದ ಗುರುತು. ಮುಂದೇನು ಬರೆದಿದ್ದೆ, ನೆನಪು ಮಾಡಿಕೋ ಎಂದು ಹೆಂಡತಿಯನ್ನು ಬೇಡಿಕೊಂಡೆ. ಅವಳು ನನ್ನನ್ನೇ ನೋಡಿದಳು. ನಿನ್ನೆಯಿಂದ ಬಿಗಿದುಕೊಂಡಿದ್ದ ಅವಳ ಮುಖದ ಒಂದು ಮೂಲೆ ಸಡಿಲವಾಯಿತು.

"ನೀವೇ ಹೇಳಿ. ಅವತ್ತು ಟ್ಯಾಂಕಿಂದ ಹೊರಗೆ ಬಂದು, ತಲೆ ಒರೆಸ್ಕೊಳ್ತಾ ಏನಂದ್ರಿ?"

ನಾನು ಯೋಚಿಸಿದೆ. ನೆನಪಾಯಿತು.

"ಅದೇನು ಮಹಾ? ನಾನಿಲ್ವಾ" ಎಂದೆ ಮೆಲ್ಲಗೆ.

"ಬರ್ಕೋ" ಎಂದಳು ಮಗಳಿಗೆ.

ಪರದೆ ಕೋಲು ಬಿದ್ದ ಮೇಲೆ ಬಡಗಿಯನ್ನು ಕರೆಯೋಣ ಎಂದಾಗ ಏನಂದಿದ್ದೆ? ಅದೇ. ಕೂದಲಿಗೆ ಕ್ಷೌರಿಕನ ಹತ್ತಿರ ಹೋಗೋಣ ಎಂದಾಗ? ಅದೇ! ಇಸ್ತ್ರಿಪೆಟ್ಟಿಗೆ, ಬಾಗಿಲ ಬೀಗ, ಅತ್ತೆಯ ಕನ್ನಡಕ, ಪಕ್ಕದ ಮನೆಯ ಬೆಕ್ಕು, ಯಾವುದರ ಕೊನೆಗೂ ಅದೇ! ಮೂವತ್ತಾರು ಅಂಕಣ, ಮೂವತ್ತಾರು ಅನಾಹುತ, ಎಲ್ಲದರ ಕೊನೆಗೂ ಒಂದೇ ಸಾಲು, ಅದೂ ನನ್ನದು! ಭೂಮಂಡಲದಲ್ಲಿ ಇನ್ನೆಲ್ಲೂ ಸಿಗದ ಸಾಲುಗಳನ್ನು ಹಾಳು ಮಾಡಿದೆನೆಂದು ನಾನು ರಾತ್ರಿಯಿಡೀ ಹೊರಳಾಡಿದ್ದೆ, ಅವು ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲೇ ಸುರಕ್ಷಿತವಾಗಿದ್ದವು. ಹೆಂಡತಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ನಗುತ್ತ ಬಿಕ್ಕಿದಳು, ಮತ್ತೆ ನಕ್ಕಳು. ನಾನೂ ನಕ್ಕೆ. ಮಗಳು ಆ ಸಾಲನ್ನು ಮೂವತ್ತಾರು ಚೀಟಿಗಳಲ್ಲಿ ಬರೆದಳು. ಅಂಟಿಸಲು ನಾನು ಗೋಂದಿಗೆ ಕೈ ಹಾಕಿದಾಗ ಇಬ್ಬರೂ ಒಟ್ಟಿಗೆ ಡಬ್ಬಿಯನ್ನು ಕಸಿದುಕೊಂಡರು.

ಸೋಮವಾರ ಹನ್ನೊಂದಕ್ಕೆ ಪೆಟ್ಟಿಗೆ ಪ್ರಕಾಶಕಿಯ ಮೇಜು ಸೇರಿತು. ಆರು ತಿಂಗಳಲ್ಲಿ ಪುಸ್ತಕ ಬಂತು. ಒಳಗೆ ಮೂವತ್ತಾರರ ಬದಲು ಮೂವತ್ತೇಳು ಬರಹಗಳಿದ್ದವು, ಕೊನೆಯದರಲ್ಲಿ ಒಬ್ಬ ಗಂಡ ಮೇಜನ್ನು ಹೊಲಿಯುತ್ತಾನೆ. ಅವಳು ಬರೆಯುವಾಗ ನಾನು ಅಡುಗೆಮನೆಯ ಕಟ್ಟೆಯ ಹತ್ತಿರ ಒಂದು ಎತ್ತರದ ಕುರ್ಚಿ ತಂದಿಟ್ಟಿದ್ದೆ. ಅಂಗಡಿಯಿಂದ ಕೊಂಡದ್ದು, ನಾನು ಮಾಡಿದ್ದಲ್ಲ.

ಲೇಖಕಿಯ ಪ್ರತಿಗಳ ಕಟ್ಟು ಮನೆಗೆ ಬಂದ ದಿನ ಎಲ್ಲರೂ ಸುತ್ತ ಸೇರಿ ಬಿಚ್ಚಿದೆವು. ಹೆಂಡತಿ ಮೊದಲ ಪ್ರತಿಯನ್ನು ಕಣ್ಣಿಗೊತ್ತಿಕೊಂಡು ತೆರೆದಳು. ಎಲ್ಲೋ ಹೊಲಿಗೆ ತಪ್ಪಿತ್ತೇನೋ, ನಾಲ್ಕು ಹಾಳೆ ಕಳಚಿ ಅವಳ ಮಡಿಲಿಗೆ ಬಿದ್ದವು. ಪ್ರಕಾಶಕಿಗೆ ಹೇಳಿ ಬದಲಾಯಿಸಿಕೊಂಡರಾಯಿತು ಎಂದಳು.

ನಾನು ಬಾಯಿ ತೆರೆದೆ.

ಹೆಂಡತಿ ಪೆನ್ನಿನ ಮುಚ್ಚಳ ತೆಗೆದಳು.

ನಾನು ಬಾಯಿ ಮುಚ್ಚಿದೆ.